ಕುಚ್ಚು ಕಟ್ಟುವ ಅಕ್ಕ ಮತ್ತು ರಾತ್ರಿಯ ಜೋಮು

ಇವರಿಗೆ 46 ವರ್ಷ. ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಊರಿನವರು. ಸೀರೆಗೆ ಫಾಲ್ ಹೊಲಿಯುವುದು, ಸೆರಗಿಗೆ ಕುಚ್ಚು ಕಟ್ಟುವುದು ಕಸುಬು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಹೆಸರು ಬಿಟ್ಟಿದ್ದೇನೆ. ಇಲ್ಲಿ ಅಕ್ಕ ಅಂತಲೇ ಕರೆಯುತ್ತೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಅಕ್ಕ ಆಪ್ತಸಲಹೆಗೆ ಬಂದದ್ದು ಕೈ ನೋವು ಅಂತ ಅಲ್ಲ. ನಿದ್ದೆ ಬರಲ್ಲ, ಸುಮ್ನೆ ಸಿಟ್ಟು ಬರುತ್ತೆ, ಮಗನ ಮೇಲೆ ರೇಗಾಡಿ ಆಮೇಲೆ ಅಳು ಬರುತ್ತೆ ಅಂತ. ಮುಟ್ಟು ನಿಲ್ಲುವ ಕಾಲ, ಅದಕ್ಕೇ ಹೀಗೆ ಅಂತ ಅಕ್ಕಪಕ್ಕದವರು ಹೇಳಿದ್ದರು. ಗಂಡ ‘ಟೆನ್ಷನ್ ಜಾಸ್ತಿ ಮಾಡ್ಕೋತಾಳೆ’ ಅಂದಿದ್ದರು. ಒಂದು ನಿದ್ದೆ ಮಾತ್ರೆ ಬರೆಸಿಕೊಡಿ ಅನ್ನುವುದಷ್ಟೇ ಅಕ್ಕನ ಬೇಡಿಕೆ.

ನಿದ್ದೆ ಇಲ್ಲ ಅಂದವರನ್ನು ನಾನು ಕೇಳುವ ಪ್ರಶ್ನೆಗಳು ಎರಡು. ನಿದ್ದೆ ಹತ್ತುವುದೇ ಇಲ್ಲವಾ, ಹತ್ತಿದ್ದು ಒಡೆಯುತ್ತಾ? ಎಚ್ಚರ ಆದ ತಕ್ಷಣ ಮೊದಲು ಏನು ಮಾಡ್ತೀರಿ?

“ಕೈ ಕೊಡವ್ತೀನಿ ಮೇಡಂ.”

ಮಲಗಿ ಎರಡು ಮೂರು ಗಂಟೆಗೆ ಬಲಗೈ ಜೋಮು ಹಿಡಿಯುತ್ತದಂತೆ. ಬೆರಳುಗಳಲ್ಲಿ ಚುಚ್ಚಿದಂತೆ, ಉರಿದಂತೆ. ಎದ್ದು ಕೂತು, ಕೈ ಮಂಚದಿಂದ ಕೆಳಗೆ ಇಳಿಬಿಟ್ಟು, ಕೊಡವಿ ಕೊಡವಿ ಸರಿ ಮಾಡಿಕೊಳ್ಳುತ್ತಾರೆ. ಮತ್ತೆ ಮಲಗಿದರೆ ಮತ್ತೆ ಅದೇ. ಯಾವ ಬೆರಳು ಅಂತ ಕೇಳಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ತೋರಿಸಿದರು. ಕಿರುಬೆರಳು? ಸ್ವಲ್ಪ ಹೊತ್ತು ಯೋಚಿಸಿದರು. “ಇಲ್ಲ, ಅದೊಂದು ಚೆನ್ನಾಗೇ ಇದೆ.”

ನಾನು ವೈದ್ಯೆ ಅಲ್ಲ. ಆದರೆ ಇಷ್ಟು ಕೇಳಿದ ಮೇಲೆ ನಿದ್ದೆ ಮಾತ್ರೆಯ ಮಾತು ಅಲ್ಲಿಗೇ ಬಿಡಬೇಕು ಅನ್ನುವುದು ಗೊತ್ತಾಯಿತು. ಅಂದೇ ಪಕ್ಕದ ಕೋಣೆಯ ವೈದ್ಯರ ಹತ್ತಿರ ಕಳಿಸಿದೆ. ಅವರು ಎರಡೂ ಮಣಿಕಟ್ಟುಗಳನ್ನು ಕೆಳಕ್ಕೆ ಬಾಗಿಸಿ, ಹಿಂಗೈಗೆ ಹಿಂಗೈ ತಾಗಿಸಿ ಒಂದು ನಿಮಿಷ ಹಿಡಿಯಲು ಹೇಳಿದರು. ಅಮೆರಿಕದ ಜಾರ್ಜ್ ಫೇಲನ್ ಎಂಬ ಶಸ್ತ್ರವೈದ್ಯರ ಹೆಸರಿನ ಪರೀಕ್ಷೆ ಇದು. ನಿಮಿಷ ಮುಗಿಯುವ ಮೊದಲೇ ಅಕ್ಕ “ಬಂತು, ಬಂತು” ಅಂದರಂತೆ. ಕಾರ್ಪಲ್ ಟನಲ್ ಸಿಂಡ್ರೋಮ್, ಅಂದರೆ ಮಣಿಕಟ್ಟಿನೊಳಗೆ ನರ ಒತ್ತಿಹೋಗುವ ತೊಂದರೆ, ಇರಬಹುದು ಅಂತ ವೈದ್ಯರು ಚೀಟಿಯಲ್ಲಿ ಬರೆದು, ಥೈರಾಯ್ಡ್ ಮತ್ತು ಶುಗರ್ ಪರೀಕ್ಷೆಗೂ ಹೇಳಿದರು. ಈ ತೊಂದರೆ ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡಿಮೆ ಇರುವುದು, ಸಂಧಿವಾತ ಇವುಗಳ ಜೊತೆಗೂ ಬರುತ್ತದೆ. ಬಸುರಿಯರಿಗೂ ಬರುತ್ತದೆ, ಅವರಲ್ಲಿ ಹೆಚ್ಚಿನವರಿಗೆ ಹೆರಿಗೆಯಾದ ಮೇಲೆ ತಾನಾಗಿ ತಗ್ಗುತ್ತದೆ. ಅಕ್ಕನಿಗೆ ಶುಗರ್ ಸರಿಯಾಗಿತ್ತು, ಥೈರಾಯ್ಡ್ ಕಡಿಮೆ ಇತ್ತು. ಅದಕ್ಕೆ ಮಾತ್ರೆ ಶುರುವಾಯಿತು.

ಮುಂದಿನ ಸಲ ಬಂದಾಗ ಅಕ್ಕ ಮನಸ್ಸು ಬಿಚ್ಚಿದರು. ಅವರ ತಾಯಿ ಲಕ್ವ ಹೊಡೆದು, ಬಲಭಾಗ ಬಿದ್ದು, ವರ್ಷಗಟ್ಟಲೆ ಹಾಸಿಗೆ ಹಿಡಿದು ಹೋದವರು. ಕೈ ಜೋಮು ಶುರುವಾದ ದಿನದಿಂದ ‘ನನಗೂ ಅದೇ’ ಅನ್ನುವ ಹೆದರಿಕೆ. ಟೀ ಲೋಟ ಕೈ ಜಾರಿ ಬಿದ್ದಾಗಲೆಲ್ಲ ಯಾರಿಗೂ ಕಾಣದಂತೆ ಒರೆಸಿ ಸುಮ್ಮನಾಗುತ್ತಿದ್ದರು. ಅರ್ಧ ನಿದ್ದೆ ಜೋಮು ತಿಂದರೆ, ಇನ್ನರ್ಧ ಈ ಭಯ ತಿಂದಿತ್ತು. ಲಕ್ವ ಹೊಡೆದರೆ ದಿಢೀರನೆ ಒಂದು ಕಡೆಯ ಕೈಕಾಲು ಸೋಲುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ. ಹಾಗಾದರೆ ಕ್ಷಣವೂ ಕಾಯದೆ 108ಕ್ಕೆ ಫೋನ್ ಮಾಡಬೇಕು. ಮೂರು ಬೆರಳು ರಾತ್ರಿ ಜೋಮು ಹಿಡಿದು, ಕೊಡವಿದರೆ ಬಿಡುವುದು ಬೇರೆ ವಿಷಯ. ಇದನ್ನು ಬಿಡಿಸಿ ಹೇಳಿದ ದಿನ ಅಕ್ಕ ದೊಡ್ಡದೊಂದು ಉಸಿರು ಬಿಟ್ಟರು.

ಇನ್ನು ಮನೆಮದ್ದು. ಅಕ್ಕ ಮಾಡದೆ ಬಿಟ್ಟದ್ದು ಏನೂ ಇರಲಿಲ್ಲ. ಕೊಬ್ಬರಿ ಎಣ್ಣೆಗೆ ಕರ್ಪೂರ, ಹರಳೆಣ್ಣೆ ಸವರಿ ಬಿಸಿ ಮಾಡಿದ ಎಕ್ಕದ ಎಲೆ, ಅರಿಶಿನದ ಪಟ್ಟು, ಕಲ್ಲುಪ್ಪು ಹಾಕಿದ ಬಿಸಿನೀರು, ತಾಮ್ರದ ಕಡಗ. ಯಾರೋ ಹೇಳಿದರು ಅಂತ ಕ್ರೇಪ್ ಬ್ಯಾಂಡೇಜನ್ನು ಬಿಗಿಯಾಗಿ ಸುತ್ತಿ ಮಲಗಿದ್ದೂ ಉಂಟು. ಅಂದು ರಾತ್ರಿ ಇನ್ನೂ ಜಾಸ್ತಿ ಆಯಿತಂತೆ. ಆಗಲೇಬೇಕು. ಒಳಗೆ ಒತ್ತಡ ಇರುವುದರಿಂದಲೇ ನೋವು, ಅದರ ಮೇಲೆ ಹೊರಗಿನಿಂದ ಇನ್ನೊಂದು ಬಿಗಿತ ಹಾಕಿದರೆ?

ತೋರುಬೆರಳ ತುದಿಯಲ್ಲಿ ಸುಟ್ಟ ಗಾಯ ಇತ್ತು. ಬಿಸಿನೀರಿನದು. ಬೆರಳಿಗೆ ಸ್ಪರ್ಶ ಮಂಕಾಗಿದ್ದರಿಂದ ನೀರು ಎಷ್ಟು ಬಿಸಿ ಅಂತ ಗೊತ್ತೇ ಆಗಿಲ್ಲ. ಜೋಮು ಇರುವ ಕೈಗೆ ಶಾಖ ಕೊಡುವ ಮೊದಲು ಇನ್ನೊಂದು ಕೈಯ ಮೊಣಕೈ ಅದ್ದಿ ನೋಡಿ ಅಂತ ಹೇಳಿದೆ. ಎಕ್ಕದ ಹಾಲೂ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ತಾಗಿದರೆ ಅಪಾಯ. ಅದನ್ನು ಬಿಡಿಸಿದೆ. ಎಣ್ಣೆ ಬಿಡಿಸಲಿಲ್ಲ. ಎಣ್ಣೆ ಹಚ್ಚಿ ಮೆಲ್ಲಗೆ ನೀವಿಕೊಂಡರೆ ಹಾಯ್ ಅನಿಸುತ್ತದೆ, ಬಿಗಿದ ಮುಂಗೈ ಸಡಿಲವಾಗುತ್ತದೆ. ಅಷ್ಟು ಸುಖ ಬೇಡ ಅನ್ನಲು ನಾನ್ಯಾರು? ಆದರೆ ಎಣ್ಣೆಯಿಂದಲೇ ವಾಸಿಯಾಗುತ್ತದೆ ಅಂತ ಕಾಯಬಾರದು.

ಯಾಕೆ ಅಂತ ಅಕ್ಕನಿಗೆ ಅವರ ಕೆಲಸದ ಮಾತಲ್ಲೇ ಹೇಳಿದೆ. ಲಂಗದ ಲಾಡಿ ತೂರಿಸುವ ಪಟ್ಟಿ ಇದೆಯಲ್ಲ, ಮಣಿಕಟ್ಟಿನೊಳಗೆ ಅಂಥದ್ದೇ ಒಂದು ಸಂದು. ಕೆಳಗೆ ಎಂಟು ಸಣ್ಣ ಮೂಳೆ, ಮೇಲೆ ಗಟ್ಟಿ ಪಟ್ಟಿ. ಅದರೊಳಗೆ ಬೆರಳು ಮಡಚುವ ಒಂಬತ್ತು ಲಾಡಿ, ಹತ್ತನೆಯದು ನರ. ಲಾಡಿಗಳು ಊದಿಕೊಂಡರೆ ಜಾಗ ಸಾಲದೆ ನಲುಗುವುದು ನರವೇ. ಮಣಿಕಟ್ಟು ಬಾಗಿದಷ್ಟೂ ಆ ಸಂದು ಇನ್ನೂ ಬಿಗಿಯಾಗುತ್ತದೆ. ನಾವು ಮಲಗಿದಾಗ ಗೊತ್ತಿಲ್ಲದೆ ಕೈ ಮಡಚಿ ಕೆನ್ನೆಯ ಕೆಳಗೆ ಇಟ್ಟುಕೊಳ್ಳುತ್ತೇವೆ, ಅಲ್ವಾ? ಅದಕ್ಕೇ ರಾತ್ರಿ ಕಾಟ. ಕಿರುಬೆರಳಿಗೆ ಹೋಗುವ ನರ ಬೇರೆ ದಾರಿಯಲ್ಲಿ ಹೋಗುತ್ತದೆ, ಅದಕ್ಕೆ ಅದು ಪಾರು.

“ಹಂಗಾದ್ರೆ ಮೇಲಿಂದ ಎಣ್ಣೆ ಹಾಕಿದ್ರೆ ಪಟ್ಟಿ ಅಗಲ ಆಗಲ್ಲ” ಅಂತ ಅಕ್ಕನೇ ಮುಗಿಸಿದರು.

ನನ್ನ ಲೆಕ್ಕದಲ್ಲಿ ಇದಕ್ಕಿರುವ ಒಳ್ಳೆಯ ಮನೆಮದ್ದು ಅಡುಗೆಮನೆಯಲ್ಲಿ ಸಿಗುವುದಿಲ್ಲ. ರಾತ್ರಿ ಮಣಿಕಟ್ಟು ನೇರವಾಗಿ ಇರುವಂತೆ ನೋಡಿಕೊಳ್ಳುವುದೇ ಅದು. ಮೆಡಿಕಲ್ ಅಂಗಡಿಯಲ್ಲಿ ಪಟ್ಟಿ ಇರುವ ರಿಸ್ಟ್ ಸ್ಪ್ಲಿಂಟ್ ಸಿಗುತ್ತದೆ, ಕೆಲವು ನೂರು ರೂಪಾಯಿ. ಕೊಳ್ಳುವಾಗ ಹಾಕಿ ನೋಡಬೇಕು. ಅಂಗೈ ಮುಂಗೈ ಒಂದೇ ಗೆರೆಯಲ್ಲಿ ಇರಬೇಕು. ಕೆಲವು ಸ್ಪ್ಲಿಂಟ್ ಕೈಯನ್ನು ತುಂಬ ಮೇಲಕ್ಕೆ ಬಾಗಿಸುತ್ತವೆ, ಅವು ಬೇಡ. ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ತೂರಬೇಕು. ಕೊಳ್ಳುವ ತನಕ ಅಕ್ಕ ಹಳೆ ವಾರಪತ್ರಿಕೆಯೊಂದನ್ನು ಮಣಿಕಟ್ಟಿಗೆ ಸುತ್ತಿ, ಮೇಲೆ ಮೆತ್ತನೆ ದುಪ್ಪಟ್ಟಾ ಸಡಿಲವಾಗಿ ಕಟ್ಟಿಕೊಂಡು ಮಲಗಿದರು. ಅದೂ ನಡೆಯುತ್ತದೆ.

ಬಳೆ ಪ್ರಶ್ನೆ ಬಂತು. ಬಲಗೈ ತುಂಬ ಬಿಗಿ ಗಾಜಿನ ಬಳೆ. ತೆಗೆಯಿರಿ ಅಂದರೆ ಆ ಮನೆಯಲ್ಲಿ ಬೇರೆಯದೇ ಗಲಾಟೆ ಆಗುತ್ತಿತ್ತು. ಬಲಗೈಗೆ ದೊಡ್ಡ ಅಳತೆಯ ಎರಡೇ ಬಳೆ ಇಟ್ಟುಕೊಂಡು, ರಾತ್ರಿ ಸ್ಪ್ಲಿಂಟಿನ ಮೇಲ್ಗಡೆ ಸರಿಸಿಕೊಳ್ಳಿ ಅಂದೆ. ಒಪ್ಪಿದರು.

ಕೆಲಸ ಬಿಡಿ ಅಂತ ನಾನು ಹೇಳಲಿಲ್ಲ. ದುಡಿಮೆ ಬಿಡಿ ಅನ್ನುವ ಸಲಹೆ ಹೇಳುವವರಿಗೆ ಸುಲಭ. ಪುಣ್ಯಕ್ಕೆ ಅವರು ಬಂದದ್ದು ಜ್ಯೇಷ್ಠದ ಮದುವೆಗಳು ಮುಗಿಯುವ ಹೊತ್ತಿಗೆ. ಆಷಾಢದಲ್ಲಿ ಹೇಗೂ ಸೀರೆ ಬರುವುದು ಕಡಿಮೆ. ಸ್ಪ್ಲಿಂಟನ್ನು ಕನಿಷ್ಠ ಆರು ವಾರ ಬಿಡದೆ ಹಾಕಬೇಕು ಅಂತ ಫಿಸಿಯೋಥೆರಪಿಯವರು ಹೇಳಿದ್ದರು. ಆಷಾಢ ಪೂರ್ತಿ, ಶ್ರಾವಣ ಸ್ವಲ್ಪ ಅಂತ ಲೆಕ್ಕ ಹಾಕಿಕೊಂಡೆವು. ಕುಚ್ಚು ಹಾಕುವ ಕ್ರೋಶಾ ಕಡ್ಡಿ ತೆಳ್ಳಗಿರುತ್ತದೆ, ಅದನ್ನು ಚಿವುಟಿ ಹಿಡಿಯುವುದೇ ಕೈಗೆ ಭಾರ. ಅದಕ್ಕೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರು. ಸೀರೆಯನ್ನು ದಿಂಬಿಗೆ ಪಿನ್ ಮಾಡಿದರೆ ಎಳೆದು ಹಿಡಿಯುವ ಕೆಲಸ ತಪ್ಪುತ್ತದೆ. ಕೆಲವು ಕುಚ್ಚಿಗೊಮ್ಮೆ ಕೈ ಕೆಳಗಿಟ್ಟು ಬೆರಳು ನೇರ, ಕೊಕ್ಕೆ, ಮುಷ್ಟಿ ಅಂತ ನಿಧಾನವಾಗಿ ಆಡಿಸುವುದು. ನೋವು ಬರುವಷ್ಟು ಅಲ್ಲ. ಕೆಲಸ ಜಾಸ್ತಿಯಾದ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ, ಅದೂ ಮಣಿಕಟ್ಟಿಗೆ ಮಾತ್ರ, ಮರಗಟ್ಟಿದ ಬೆರಳಿಗೆ ಬೇಡ.

ಇಷ್ಟೂ ಸುಲಭದ ಭಾಗ. ನಿಜವಾದ ಅಡ್ಡಿ ಇದ್ದದ್ದು ಮನೆಗೆಲಸದಲ್ಲಿ. ಮುದ್ದೆ ತೊಳಸುವುದು, ಬೆಡ್‌ಶೀಟ್ ಹಿಂಡುವುದು, ಚಪಾತಿ ಹಿಟ್ಟು ನಾದುವುದು. ಈ ಮೂರರಲ್ಲೂ ಬಿಗಿ ಹಿಡಿತ, ಬಾಗಿದ ಮಣಿಕಟ್ಟು. ಇವನ್ನು ಬೇರೆಯವರು ಮಾಡದ ಹೊರತು ಸ್ಪ್ಲಿಂಟ್ ಒಂದರಿಂದ ಏನಾಗಬೇಕು? ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಬನ್ನಿ ಅಂದೆ.

ಗಂಡ ನಗುತ್ತಲೇ ಕೇಳಿದರು, “ನಾನು ಮುದ್ದೆ ತೊಳಸೋದಾ ಮೇಡಂ?” ಅತ್ತೆ ನಗಲಿಲ್ಲ. “ಇದೇನು ದೊಡ್ಡ ಕಾಯಿಲೆ ಅಂತ ಆಸ್ಪತ್ರೆ ಸುತ್ತಾಳೆ. ನನಗೂ ಹಿಂಗೇ ಆಗ್ತಿತ್ತು. ಯಾರು ಕೇಳಿದ್ರು? ತಾನಾಗೇ ನೋವು ಹೋಯ್ತು” ಅಂದರು. ನಿಮ್ಮ ಕೈ ತೋರಿಸಿ ಅಮ್ಮ ಅಂದೆ.

ಅಂಗೈ ಚಾಚಿದರು. ಹೆಬ್ಬೆರಳ ಬುಡದಲ್ಲಿ ಉಬ್ಬಾಗಿ ಇರಬೇಕಾದ ಮಾಂಸ ಇಳಿದು ಗುಳಿ ಬಿದ್ದಿತ್ತು. ರವಿಕೆಯ ಹುಕ್ ಹಾಕಲು ಆಗುತ್ತಾ ಅಂತ ಕೇಳಿದೆ. ಅತ್ತೆ ಮಾತಾಡಲಿಲ್ಲ. ಅಕ್ಕ ಹೇಳಿದರು, “ದಿನಾ ನಾನೇ ಹಾಕೋದು. ವಯಸ್ಸಾಯ್ತಲ್ಲ ಅಂದ್ಕೊಂಡಿದ್ವಿ.” ನೋವು ಹೋಯಿತು ಅಂದರೆ ಯಾವಾಗಲೂ ವಾಸಿಯಾಯಿತು ಅಂತಲ್ಲ. ನರ ತುಂಬ ಸೊರಗಿದಾಗಲೂ ನೋವು ತಿಳಿಯುವುದು ನಿಲ್ಲಬಹುದು. ಇದನ್ನು ಮೆಲ್ಲಗೇ ಹೇಳಿದೆ, ಆ ಹಿರಿಯರನ್ನು ನೋಯಿಸುವುದು ನನಗೆ ಬೇಕಿರಲಿಲ್ಲ. ಗಂಡ ಅಮ್ಮನ ಕೈಯನ್ನೂ ಹೆಂಡತಿಯ ಕೈಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಮುದ್ದೆ ಕೋಲಿನ ಚರ್ಚೆ ಆಮೇಲೆ ಬೇಕಾಗಲಿಲ್ಲ. ಬಟ್ಟೆ ಹಿಂಡುವ ಕೆಲಸ ಮಗನಿಗೆ ಬಿತ್ತು.

ಬೇರೆ ಬೇರೆ ಕಡೆ ಕೇಳಿಬಂದ ಸಲಹೆಗಳನ್ನೂ ಅಕ್ಕ ತಂದು ಮುಂದಿಡುತ್ತಿದ್ದರು. ಯೋಗ ಮಾಡಬಹುದಾ? ಮಾಡಬಹುದು. 1998ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇದರ ಬಗ್ಗೆ ಸಣ್ಣ ಅಧ್ಯಯನ ಬಂದಿತ್ತು, 42 ಜನರದ್ದು. ಎಂಟು ವಾರ ಆಸನ ಕಲಿತವರಿಗೆ ಹಿಡಿತ ಸುಧಾರಿಸಿ ನೋವು ತಗ್ಗಿತ್ತು. ಆ ಆಸನಗಳು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯವು. ಚಿಕ್ಕ ಅಧ್ಯಯನ, ಅದರ ಮೇಲೆ ಭಾರಿ ಭರವಸೆ ಇಡಲಾರೆ. ಆದರೆ ಭುಜ ಬಿಚ್ಚಿ, ಬೆನ್ನು ನೇರ ಮಾಡಿ ಕೂರುವುದರಿಂದ ದಿನವಿಡೀ ಬಗ್ಗಿ ಕುಚ್ಚು ಕಟ್ಟುವವರಿಗೆ ನಷ್ಟವೇನಿಲ್ಲ. ಅಂಗೈ ಊರಿ ಇಡೀ ಮೈಭಾರ ಹಾಕುವ ಆಸನ ಮಾತ್ರ ಸದ್ಯಕ್ಕೆ ಬೇಡ ಅಂದೆ.

ಅಗಸೆ ಎಣ್ಣೆ? ಇರಾನಿನಲ್ಲಿ ಸ್ಪ್ಲಿಂಟ್ ಜೊತೆಗೆ ಅದನ್ನು ಹಚ್ಚಿ ನೋಡಿದ್ದಾರೆ, ಸೌಮ್ಯ ತೊಂದರೆ ಇದ್ದವರಿಗೆ ಸ್ವಲ್ಪ ಅನುಕೂಲ ಕಂಡಿದೆ. ಜೊತೆಗೆ ಸ್ಪ್ಲಿಂಟ್ ಇತ್ತು ಅನ್ನುವುದನ್ನು ಮರೆಯಬೇಡಿ. ತಿನ್ನುವ ಅಗಸೆ ಎಣ್ಣೆ ಆಗಬೇಕು, ಪೇಂಟ್ ಅಂಗಡಿಯ ಲಿನ್ಸೀಡ್ ಎಣ್ಣೆ ಅಲ್ಲ. ಇನ್ನು ಮೆಡಿಕಲ್ ಅಂಗಡಿಯವರು ‘ನರಕ್ಕೆ ಒಳ್ಳೇದು’ ಅಂತ ಕೊಟ್ಟ ವಿಟಮಿನ್ ಮಾತ್ರೆ. ಬಿ6 ಅಂಶ ಜಾಸ್ತಿ ಇರುವ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಅದೇ ನರಕ್ಕೆ ಪೆಟ್ಟು ಕೊಡುತ್ತದೆ. ವೈದ್ಯರಿಗೆ ತೋರಿಸದೆ ಮುಂದುವರಿಸಬೇಡಿ ಅಂದೆ. ನೋವಿನ ಮಾತ್ರೆಯ ಮಾತೂ ಅಷ್ಟೇ.

ಆಷಾಢ ಮುಗಿಯುವ ಹೊತ್ತಿಗೆ ಅಕ್ಕ ಹೆಚ್ಚಿನ ರಾತ್ರಿ ಎಚ್ಚರವಾಗದೆ ಮಲಗುತ್ತಿದ್ದರು. ರೇಗಾಟ ತಗ್ಗಿತ್ತು. ಇದರಲ್ಲಿ ಸ್ಪ್ಲಿಂಟಿನ ಪಾಲೆಷ್ಟು, ಥೈರಾಯ್ಡ್ ಮಾತ್ರೆಯ ಪಾಲೆಷ್ಟು, ಮುದ್ದೆ ತೊಳಸದ್ದರ ಪಾಲೆಷ್ಟು ಅಂತ ಬೇರ್ಪಡಿಸಲು ಆಗದು. ವರಮಹಾಲಕ್ಷ್ಮಿ ಹಬ್ಬಕ್ಕೆ ಸೀರೆಗಳ ರಾಶಿ ಬಂದಾಗ ಅರ್ಧವನ್ನು ಪಕ್ಕದ ಬೀದಿಯ ಹುಡುಗಿಗೆ ಹಂಚಿದರು. ದರವನ್ನೂ ಸ್ವಲ್ಪ ಏರಿಸಿದರು. ಇದು ನಾನು ಒತ್ತಾಯ ಮಾಡಿ ಹೇಳಿದ ಸಲಹೆ. ಕಡಿಮೆ ಕುಚ್ಚು ಕಟ್ಟಿ ಅನ್ನುವವರು ಆ ದುಡ್ಡು ಎಲ್ಲಿಂದ ಬರಬೇಕು ಅಂತಲೂ ಹೇಳಬೇಕಲ್ಲ.

ತೋರುಬೆರಳ ತುದಿಯ ಮಂಕು ಪೂರ್ತಿ ಹೋಗಿಲ್ಲ. ಆಪರೇಷನ್ ಬೇಕಾಗುತ್ತಾ ಅಂತ ಈಗಲೂ ಕೇಳುತ್ತಾರೆ. ಜೋಮು ಹಗಲೂ ಬಿಡದಿದ್ದರೆ, ಚಿವುಟುವ ಶಕ್ತಿ ತಗ್ಗಿದರೆ, ಹೆಬ್ಬೆರಳ ಬುಡದ ಮಾಂಸ ಇಳಿಯತೊಡಗಿದರೆ ಮನೆಯಲ್ಲಿ ಕಾಯುವಂತಿಲ್ಲ. ನರದ ಪರೀಕ್ಷೆ ಮಾಡಿಸಬೇಕು. ನಡುವೆ ಇಂಜೆಕ್ಷನ್ ಅನ್ನುವ ದಾರಿಯೂ ಇದೆ. ಆಪರೇಷನ್ ಬಂದರೂ ಸಾಮಾನ್ಯವಾಗಿ ಕೈಯಷ್ಟೇ ಮರಗಟ್ಟಿಸಿ ಮೇಲಿನ ಆ ಪಟ್ಟಿಯನ್ನು ಬಿಡಿಸುತ್ತಾರೆ, ಅಂದೇ ಮನೆಗೆ ಬರಬಹುದು. ಅಕ್ಕನಿಗೆ ಸದ್ಯ ಬೇಡ ಅಂತ ವೈದ್ಯರ ಅಭಿಪ್ರಾಯ.

ಅತ್ತೆಯ ಕೈಗೆ ಜಿಲ್ಲಾ ಆಸ್ಪತ್ರೆಯಲ್ಲಿ ನರದ ಪರೀಕ್ಷೆ ಆಯಿತು. ಆಪರೇಷನ್ ಮಾಡಿಸಿ ಅಂದಿದ್ದಾರೆ. ಇಳಿದ ಮಾಂಸ ಮೊದಲಿನಂತೆ ತುಂಬುತ್ತದೆ ಅನ್ನುವ ಖಾತ್ರಿ ಕೊಟ್ಟಿಲ್ಲ. ದಸರಾ ಕಳೆಯಲಿ ಅಂತ ಅತ್ತೆಯ ಹಟ, ಅಷ್ಟು ದಿನ ಬೇಡ ಅಂತ ನನ್ನದು. ಈ ಸಲ ಗಂಡ ನನ್ನ ಕಡೆ ಇದ್ದಾರೆ.