ಟೋಕಿಯೋಗೆ ಬರ್ತಾ ಇದೀರಾ, ಮನೆಗಿಂತ ಮುಂಚೆ ಪಾರ್ಕ್ ನೋಡಿ

ಏಪ್ರಿಲ್‌ಗೆ ಮೈಸೂರಿಂದ ಟೋಕಿಯೋಗೆ ಶಿಫ್ಟ್ ಆಗ್ತಿದೀವಿ, ನಾಲ್ಕು ವರ್ಷದ ಮಗಳಿದಾಳೆ, ಅಲ್ಲೆಲ್ಲಾ ಬರೀ ಕಾಂಕ್ರೀಟ್ ಅಂತಾರೆ, ಮಗು ಓಡಾಡೋಕೆ ಜಾಗ ಸಿಗುತ್ತಾ ಅಂತ ಕೇಳಿದೀರ. ಸಿಗುತ್ತೆ ರೀ, ಧಾರಾಳವಾಗಿ ಸಿಗುತ್ತೆ. ಮನೆ ಚಿಕ್ಕದೇ, ಅದ್ರಲ್ಲಿ ಸುಳ್ಳು ಹೇಳಲ್ಲ, ಆದ್ರೆ ಇಲ್ಲಿ ಸಂಸಾರ ಮಾಡ್ತಾ ಇರೋ ನಮ್ಮಂಥೋರು ಮಕ್ಕಳನ್ನ ಬೆಳೆಸಿರೋದು ಅರ್ಧ ಮನೇಲಿ ಅರ್ಧ ಪಾರ್ಕಲ್ಲಿ.

ಟೋಕಿಯೋದ ಪೂರ್ವಕ್ಕಿರೋ ನಿಶಿ-ಕಸಾಯ್ ಕಡೆ ಮನೆ ನೋಡ್ತಿದೀವಿ ಅಂದ್ರಲ್ಲ, ಒಳ್ಳೇದು. 2000ದ ಆಸುಪಾಸಲ್ಲಿ ವೈಟುಕೆ (ಕಂಪ್ಯೂಟರ್‌ಗಳಲ್ಲಿ 2000ನೇ ಇಸವಿಯ ತಾರೀಖಿನ ತೊಂದ್ರೆ) ಸರಿಮಾಡೋ ಕೆಲಸಕ್ಕೆ ಅಂತ ಬಂದ ನಮ್ಮ ದೇಶದ ಐಟಿ ಜನ ಅಲ್ಲಿ ಸೇರ್ಕೊಂಡಿದ್ರಿಂದ ಬೇಳೆ ಅಕ್ಕಿ ಮಸಾಲೆಗೆ ತೊಂದ್ರೆ ಇಲ್ಲ. ಎಲ್ರೂ ಸ್ಟೇಷನ್‌ಗೆ ಎಷ್ಟು ನಿಮಿಷ ಅಂತ ಮಾತ್ರ ಕೇಳ್ತಾರೆ, ನೀವು ಗ್ಯೋಸೆನ್ ಪಾರ್ಕ್‌ಗೆ ಎಷ್ಟು ದೂರ ಅಂತಾನೂ ಕೇಳಿ. ಅದ್ರೊಳಗೇ ಒಂದು ಪುಟ್ಟ ಝೂ ಇದೆ, ಟಿಕೆಟ್ ಇಲ್ಲ, ರೆಡ್ ಪಾಂಡಾ ಪೆಂಗ್ವಿನ್ ಎಲ್ಲಾ ಇದಾವೆ, ಸೋಮವಾರ ರಜ. ಇನ್ನೊಂದು ಫುರುಕಾವಾ ಶಿನ್ಸುಯಿ ಪಾರ್ಕ್. ಕೊಳಚೆ ಕಾಲುವೆ ಆಗಿಹೋಗಿದ್ದ ಹಳೇ ಹೊಳೇನ ಮುಚ್ಚಿ ರಸ್ತೆ ಮಾಡೋ ಬದಲು ಶುದ್ಧ ನೀರು ಹರಿಸಿ ಎರಡೂ ಕಡೆ ಮರ ನೆಟ್ಟು 1973ರಲ್ಲಿ ಪಾರ್ಕ್ ಮಾಡಿದ್ರು, ಜಪಾನಲ್ಲಿ ಈ ಥರದ್ದು ಇದೇ ಮೊದಲು. ಬೇಸಿಗೇಲಿ ಮಕ್ಕಳು ಕಾಲು ಇಳಿಬಿಟ್ಕೊಂಡು ನೀರಲ್ಲಿ ಆಡ್ತಿರ್ತಾರೆ, ನಮ್ಮೂರಿನ ಕೆರೆ ರಾಜಕಾಲುವೆ ಎಲ್ಲಾ ಹೋದ ದಾರಿ ನೆನೆಸ್ಕೊಂಡ್ರೆ ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಸಮುದ್ರ ಬೇಕು ಅಂದ್ರೆ ಕಸಾಯ್ ರಿಂಕಾಯ್ ಪಾರ್ಕ್, ಬಸ್ಸಲ್ಲಿ ಹೋಗ್ಬಹುದು. ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ಜಾಗ, ಶುರುವಾಗಿದ್ದು 1989ರಲ್ಲಿ, ಎದುರಿನ ಎರಡು ದಡದಲ್ಲಿ ಒಂದನ್ನ ಪೂರ್ತಿ ಹಕ್ಕಿಗಳಿಗೇ ಬಿಟ್ಟಿದಾರೆ, ಮನುಷ್ಯರು ಕಾಲಿಡೋ ಹಾಗಿಲ್ಲ. 2018ರಲ್ಲಿ ಆ ದಡಗಳಿರೋ ಜಾಗಕ್ಕೆ ರಾಮ್ಸಾರ್ ಮಾನ್ಯತೆನೂ (ಮುಖ್ಯವಾದ ಜೌಗು ಪ್ರದೇಶ ಅನ್ನೋ ಅಂತಾರಾಷ್ಟ್ರೀಯ ಗುರುತು) ಸಿಕ್ತು.

ಇನ್ನು ಊರೊಳಗೆ ಹೋದ್ರೆ ಶಿಂಜುಕು ಗ್ಯೋಯೆನ್ ಅನ್ನೋ ದೊಡ್ಡ ಉದ್ಯಾನ ಚೆನ್ನಾಗಿದೆ, ದೊಡ್ಡೋರಿಗೆ 500 ಯೆನ್, ಮಕ್ಕಳಿಗೆ ಫ್ರೀ, ಆದ್ರೆ ಚೆಂಡು ಬ್ಯಾಟು ಒಳಗೆ ಬಿಡಲ್ಲ, ಸಕುರಾ (ಚೆರ್ರಿ ಹೂವು) ಅರಳೋ ಟೈಮಲ್ಲಿ ಕೆಲವು ದಿನ ಮುಂಚೆನೇ ಬುಕ್ ಮಾಡ್ಬೇಕು. ನನ್ನ ಕೇಳಿದ್ರೆ ಮೊದಲ ಭಾನುವಾರ ಮೇಜಿ ಜಿಂಗೂ ಅನ್ನೋ ದೇವಸ್ಥಾನಕ್ಕೆ ಹೋಗಿ. ಹರಾಜುಕು ಸ್ಟೇಷನ್ ಗಲಾಟೆಯಿಂದ ಹೊರಗೆ ಬಂದು ಕಟ್ಟಿಗೇಲಿ ಮಾಡಿದ ದೊಡ್ಡ ಹೆಬ್ಬಾಗಿಲು ದಾಟಿದ್ರೆ ಸಾಕು, ಕೊಡಗಿನ ದೇವರಕಾಡಿಗೆ ಬಂದ ಹಾಗಾಗುತ್ತೆ. ನೋಡಿದ್ರೆ ಸಾವಿರ ವರ್ಷದ ಕಾಡು ಅನ್ಸುತ್ತೆ, ಆದ್ರೆ ಅದು ಮನುಷ್ಯರು ನೆಟ್ಟಿದ್ದು ರೀ! ದೇವಸ್ಥಾನ ಆಗಿದ್ದು 1920ರಲ್ಲಿ, ದೇಶದ ಮೂಲೆಮೂಲೆಯಿಂದ ಜನ ಸುಮಾರು 1 ಲಕ್ಷ ಗಿಡ ಕಳ್ಸಿಕೊಟ್ಟಿದ್ರಂತೆ. ಹೋಂಡಾ ಸೆಯಿರೊಕು ಮತ್ತವರ ಜೊತೆಗಿದ್ದ ಅರಣ್ಯ ತಜ್ಞರು ಯಾವ ಮರದ ನಂತರ ಯಾವುದು ಎದ್ದು ಬರ್ಬೇಕು ಅಂತ ನೂರಾರು ವರ್ಷ ಮುಂದಕ್ಕೆ ಲೆಕ್ಕ ಹಾಕಿ ನೆಡ್ಸಿದ್ರು, ಆಮೇಲೆ ಕಾಡು ತಂತಾನೇ ಬೆಳೀಲಿ ಅಂತ ಬಿಟ್ಬಿಟ್ರು. ಈಗ್ಲೂ ದಾರಿ ಮೇಲೆ ಬಿದ್ದ ಎಲೆ ಗುಡಿಸಿ ಹೊರಗೆ ಎಸೆಯಲ್ಲ, ವಾಪಸ್ ಮರದ ಬುಡಕ್ಕೇ ಹಾಕ್ತಾರೆ. ಮಗಳಿಗೆ ಅದನ್ನ ನಿಂತು ತೋರ್ಸಿ.

ಪಕ್ಕದಲ್ಲೇ ಯೊಯೊಗಿ ಪಾರ್ಕ್, ಅಲ್ಲಿ ಎಷ್ಟು ಓಡಿದ್ರೂ ಯಾರೂ ಏನೂ ಅನ್ನಲ್ಲ. 1964ರ ಒಲಿಂಪಿಕ್ಸಲ್ಲಿ ಆಟಗಾರರು ಉಳ್ಕೊಂಡಿದ್ದ ಜಾಗ, 1967ರಲ್ಲಿ ಪಾರ್ಕಾಯ್ತು. ಬೇಸಿಗೇಲಿ ಮಾತ್ರ ಸೊಳ್ಳೆ ಜಾಸ್ತಿ, 2014ರಲ್ಲಿ ಅಲ್ಲಿಂದಲೇ ಡೆಂಗಿ ಹರಡಿ ಪಾರ್ಕಿನ ಬಹುಭಾಗ ಮುಚ್ಚಿದ್ರು, ಅದಕ್ಕೆ ಆಗಸ್ಟಲ್ಲಿ ಮಗೂಗೆ ಫುಲ್ ಪ್ಯಾಂಟ್ ಹಾಕಿ ಬೆಳಿಗ್ಗೆನೇ ಹೋಗ್ಬನ್ನಿ.

ಕೆಳಗೆ ಹಾಸೋಕೆ ಒಂದು ಶೀಟು, ಕಸ ವಾಪಸ್ ತರೋಕೆ ಒಂದು ಕವರ್ ಯಾವಾಗ್ಲೂ ಬ್ಯಾಗಲ್ಲಿರ್ಲಿ, ಪಾರ್ಕಲ್ಲಿ ಡಸ್ಟ್‌ಬಿನ್ ಸಿಗೋದು ಅಪರೂಪ. ಚಿತ್ರಾನ್ನ ಮೊಸರನ್ನ ಕಟ್ಕೊಂಡು ಹೋದ್ರೆ ಯಾರೂ ತಿರುಗಿ ನೋಡಲ್ಲ, ಅವ್ರೂ ಬುತ್ತಿ ಬಿಚ್ಚಿಕೊಂಡೇ ಕೂತಿರ್ತಾರೆ. ಜೂನಲ್ಲಿ ಮಳೆ ಹಿಡಿಯುತ್ತೆ, ಅದಕ್ಕೆ ಮುಂಚೆ ನಿಮಗೆ ಏಪ್ರಿಲ್ ಮೇ ಎರಡು ತಿಂಗಳು ಸಿಗುತ್ತೆ, ಬಾಕ್ಸ್ ಬಿಚ್ಚೋ ಕೆಲಸ ಆಮೇಲೆ ಮಾಡ್ಕೊಳ್ಳಿ.