ದಿನಾ ಮಾತಾಡೋ ಇಂಗ್ಲಿಷಲ್ಲಿ "ಡ್ರಕೋನಿಯನ್" ಅನ್ನಬಹುದಾ?

ಐದು ನಿಮಿಷ ಲೇಟಾದ್ರೆ ಐನೂರು ರೂಪಾಯಿ ಫೈನ್ ಹಾಕೋ ವಾರ್ಡನ್ ಬಗ್ಗೆ "ಅವರ್ ವಾರ್ಡನ್ ಈಸ್ ವೆರಿ ಡ್ರಕೋನಿಯನ್" ಅಂದಿದ್ದಕ್ಕೆ ರೂಮ್‌ಮೇಟ್ಸ್ ನಕ್ರು, ಇಲ್ಲಾಂದ್ರೆ ಇನ್ಯಾವ ಸ್ಟ್ರಾಂಗ್ ಪದ ಬಳಸ್ಲಿ ಅಂತ ಕೇಳಿದೀರ. ನಕ್ಕಿದ್ದಷ್ಟೇ ತಾನೆ, ಪುಣ್ಯ ಮಾಡಿದೀರ ಬಿಡಿ. ನಂಗೆ ಇದೇ ಪದ ಆನ್‌ಸೈಟ್ ಚಾನ್ಸ್, ಅಂದ್ರೆ ಕ್ಲೈಂಟ್ ಇರೋ ದೇಶಕ್ಕೇ ಹೋಗಿ ಕೆಲಸ ಮಾಡೋ ಅವಕಾಶ, ತಪ್ಪಿಸಿದೆ.

ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಇಂಜಿನಿಯರಿಂಗ್ ಸೇರಿದಾಗ ಎಲ್ರೂ ಹೇಳಿದ್ದು ಒಂದೇ, ಇಂಗ್ಲಿಷ್ ಪೇಪರ್ ಎಡಿಟೋರಿಯಲ್ ಓದು, ಹೊಸ ಪದ ನೋಟ್‌ಬುಕ್ಕಲ್ಲಿ ಬರ್ಕೋ. ಬರ್ಕೊಂಡೆ. ಎಡಿಟೋರಿಯಲ್ ತುಂಬಾ ಟಾಡಾ, ಪೋಟಾ, ಯುಎಪಿಎ ಅಂತ ಭಯೋತ್ಪಾದನೆ ತಡೆಯೋ ಕಾಯ್ದೆಗಳು, ಐಟಿ ಕಾಯ್ದೆಯ 66ಎ ಸೆಕ್ಷನ್, ಎಲ್ಲದರ ಮುಂದೂ ಡ್ರಕೋನಿಯನ್ ಡ್ರಕೋನಿಯನ್. ನಾನು "ಡ್ರಕೋನಿಯನ್ = ಬಹಳ ಕಟ್ಟುನಿಟ್ಟು" ಅಂತ ಬರ್ದು ಅಂಡರ್‌ಲೈನ್ ಮಾಡಿದೆ. ಅಲ್ಲೇ ಎಡವಟ್ಟಾಗಿದ್ದು.

ಆಮೇಲೆ ಬೆಂಗಳೂರಲ್ಲಿ ಕೆಲಸ, ಕ್ಲೈಂಟ್ ಇಂಗ್ಲೆಂಡಿನವರು. ಅಲ್ಲಿನ ಲೀಡ್ ಒಬ್ರು ಮೇಡಂ, ನಾನು ಕಳ್ಸಿದ ಟೆಸ್ಟ್ ರಿಪೋರ್ಟಿಗೆ ಪುಟಗಟ್ಲೆ ರಿವ್ಯೂ ಕಾಮೆಂಟ್ ಹಾಕಿದ್ರು, ಎಲ್ಲಾ ಸರಿಯಾಗೇ ಇತ್ತು, ನಂಗೆ ನಿಜವಾಗ್ಲೂ ಗೌರವ ಬಂತು. ನಮ್ಮೂರ ಕಡೆ "ಆ ಮೇಷ್ಟ್ರು ಭಾರಿ ಸ್ಟ್ರಿಕ್ಟು ಕಣಯ್ಯಾ" ಅಂದ್ರೆ ಅದು ಹೊಗಳಿಕೆ ತಾನೆ, ಆ ಅರ್ಥದಲ್ಲೇ, ಬರೀ ಸ್ಟ್ರಿಕ್ಟ್ ಅಂದ್ರೆ ಸಪ್ಪೆ ಆಯ್ತು ಅನ್ಸಿ, ಎಲ್ಲರನ್ನೂ ಮೇಲ್‌ನ ಸಿಸಿಯಲ್ಲಿಟ್ಟು "ಐ ಹ್ಯಾವ್ ನೋಟೆಡ್ ಯುವರ್ ಡ್ರಕೋನಿಯನ್ ಕಾಮೆಂಟ್ಸ್ ಅಂಡ್ ವಿಲ್ ಫಿಕ್ಸ್ ದೆಮ್" ಅಂತ ರಿಪ್ಲೈ ಹೊಡ್ದೆ.

ಅವರಿಂದ ಒಂದೇ ಸಾಲಿನ ಉತ್ತರ, ನಿಮಗೆ ಹಾಗನ್ಸಿದ್ರೆ ಕಾಲ್‌ನಲ್ಲಿ ಮಾತಾಡೋಣ ಅಂತ. ನಾನು ಅದನ್ನೂ ಒಳ್ಳೆ ಸೂಚನೆ ಅಂದ್ಕೊಂಡೆ! ಮ್ಯಾನೇಜರ್ ರೂಮಿಗೆ ಕರ್ದು, ಇವನಿಗೆ ಫೀಡ್‌ಬ್ಯಾಕ್ ತಗೊಳೋಕೆ ಬರಲ್ಲ ಅಂತ ಅಲ್ಲಿಂದ ಮಾತು ಬಂದಿದೆ ಅಂದಾಗ್ಲೇ ಗೊತ್ತಾಗಿದ್ದು. ಹೊಗಳಿದ್ದು ಸಾರ್ ಅಂತ ನಾನು ಹೇಳಿದ್ರೆ ಯಾರು ನಂಬ್ತಾರೆ? ಮುಂದಿನ ಆನ್‌ಸೈಟ್ ಲಿಸ್ಟಲ್ಲಿ ನನ್ನ ಹೆಸರಿನ ಜಾಗದಲ್ಲಿ ಬೇರೆಯವ್ರು.

ಸ್ವಲ್ಪ ಉದ್ದ ಆದ್ರೂ ಬಿಡಿಸಿ ಹೇಳ್ತೀನಿ ಯಾಕಂದ್ರೆ ನೀವೂ ಇದೇ ಗುಂಡಿಯಲ್ಲಿದೀರ. ಸ್ಟ್ರಿಕ್ಟ್ ಅನ್ನೋದನ್ನ ಹತ್ತು ಪಟ್ಟು ಮಾಡಿದ್ರೆ ಡ್ರಕೋನಿಯನ್ ಆಗಲ್ಲ. ತಪ್ಪು ಸಾಸಿವೆಯಷ್ಟು, ಶಿಕ್ಷೆ ಬೆಟ್ಟದಷ್ಟು, ಇದು ಅನ್ಯಾಯ ಅನ್ನೋ ಆರೋಪ ಆ ಪದದ ಒಳಗೇ ಇದೆ. ಅದರ ಹಿಂದೆ ಒಬ್ಬ ಮನುಷ್ಯನೇ ಇದಾನೆ, ಡ್ರೇಕೋ ಅಂತ, ಕ್ರಿ.ಪೂ. 621ರ ಸುಮಾರಿಗೆ ಅಥೆನ್ಸಿಗೆ ಮೊದಲ ಸಲ ಲಿಖಿತ ಕಾನೂನು ಮಾಡಿಕೊಟ್ಟವನು. ಹಳೇ ಕಾಲದ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿರೋ ಪ್ರಕಾರ ತರಕಾರಿ ಕದ್ದವನಿಗೂ ಮರಣದಂಡನೆ, ಕೊಲೆ ಮಾಡಿದವನಿಗೂ ಮರಣದಂಡನೆ, ಯಾಕಪ್ಪಾ ಅಂತ ಕೇಳಿದ್ರೆ ಸಣ್ಣ ತಪ್ಪಿಗೆ ಇಷ್ಟು ತಕ್ಕದ್ದೇ, ದೊಡ್ಡದಕ್ಕೆ ಇದಕ್ಕಿಂತ ಹೆಚ್ಚಿಂದು ಸಿಗ್ಲಿಲ್ಲ ಅಂದನಂತೆ. ಕ್ರಿ.ಪೂ. 594ರಲ್ಲಿ ಸೋಲೋನ್ ಅಂತ ಅಥೆನ್ಸಿನ ಇನ್ನೊಬ್ಬ ಕಾನೂನು ಮಾಡೋನು ಬಂದು ಕೊಲೆಗೆ ಸಂಬಂಧಪಟ್ಟಿದ್ದು ಬಿಟ್ಟು ಮಿಕ್ಕಿದ್ದೆಲ್ಲಾ ತೆಗ್ದು ಹಾಕ್ದ. ತಮಾಷೆ ಏನಂದ್ರೆ ಕಲ್ಲಲ್ಲಿ ಕೆತ್ತಿ ಇವತ್ತಿಗೂ ಉಳಿದಿರೋದು ಆ ಕೊಲೆ ಕಾನೂನೊಂದೇ, ಅದರಲ್ಲಿ ಬೇಕಂತ ಮಾಡದೆ ಕೊಲೆ ಆಗಿಹೋದ್ರೆ ಗಡಿಪಾರು ಅಷ್ಟೇ, ಸಾಕಷ್ಟು ಸಮಾಧಾನದ ಕಾನೂನೇ. ಆದ್ರೂ ಹೆಸರು ಕೆಟ್ಟಿದ್ದು ಕೆಟ್ಟಿದ್ದೇ.

ಈಗ ನೋಡಿ ಪೇಪರ್‌ನೋರು 66ಎಗೆ ಅದನ್ನ ಯಾಕೆ ಹಾಕ್ತಿದ್ರು ಅಂತ. ಫೇಸ್‌ಬುಕ್ಕಲ್ಲಿ ಯಾರಿಗೋ ಬೇಜಾರಾಗೋ ಥರ ಏನೋ ಬರೆದ್ರೆ ಮೂರು ವರ್ಷದ ತನಕ ಜೈಲು, 2015ರ ಮಾರ್ಚಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡೋವರೆಗೂ ಇತ್ತು. ಕನ್ನಡ ಪೇಪರಲ್ಲಿ ಇಂಥದ್ದಕ್ಕೆ ಕರಾಳ ಕಾಯ್ದೆ ಅಂತಾರಲ್ಲ, ಸರಿಯಾದ ಜೋಡಿ ಅದು. ನನ್ನ ನೋಟ್‌ಬುಕ್ಕಲ್ಲಿ "ಕಟ್ಟುನಿಟ್ಟು" ಬದಲು "ಕರಾಳ" ಅಂತಿದ್ದಿದ್ರೆ ಆ ಮೇಡಂಗೆ "ನಿಮ್ಮ ಕರಾಳ ಕಾಮೆಂಟುಗಳು" ಅಂತ ಬರೀತಿದ್ನಾ ನಾನು? ಅರ್ಥ ಬರ್ಕೊಂಡೆ, ಆ ಪದ ಯಾರ ಜೊತೆ ಓಡಾಡತ್ತೆ ಅನ್ನೋದು ಬರ್ಕೊಳ್ಲಿಲ್ಲ. ಕಾನೂನು, ರೂಲ್ಸು, ಶಿಕ್ಷೆ, ಬಜೆಟ್ ಕಡಿತ, ಇವುಗಳ ಜೊತೆ ಇರತ್ತೆ. ಮನುಷ್ಯರ ಮೇಲೆ ಸಾಮಾನ್ಯವಾಗಿ ಹಾಕಲ್ಲ, ಹಾಕಿದ್ರೆ ಬೈಗುಳ.

ಇನ್ನು ಬೇರೆ ಸ್ಟ್ರಾಂಗ್ ಪದ ಯಾವ್ದು ಅಂತೀರ, ಆ ಪ್ರಶ್ನೆನೇ ಬೇಡ ಅನ್ನೋನು ನಾನು. ಮಾತಾಡೋವಾಗ ಟೀಚರ್ ಸ್ಟ್ರಿಕ್ಟ್, ಎಕ್ಸಾಮ್ ಟಫ್, ಮಾತು ಹಾರ್ಷ್, ನೋವು ಸಿವಿಯರ್, ಇಷ್ಟರಲ್ಲಿ ಜೀವನ ನಡ್ಯತ್ತೆ. ಸ್ಕೇದಿಂಗ್ (ಕಟುವಾಗಿ ಟೀಕಿಸೋದು) ಅನ್ನೋದು ರಿವ್ಯೂಗೆ, ಸ್ಟ್ರಿಂಜೆಂಟ್ (ಬಿಗಿಯಾದ) ಅನ್ನೋದು ಸರ್ಕಾರಿ ನಿಯಮಕ್ಕೆ, ಅವು ಬರವಣಿಗೆ ಸಾಮಾನು. ಬ್ರೂಟಲ್ ಅನ್ನೋದನ್ನ ಈಗಿನ ಹುಡುಗ್ರು ಟ್ರಾಫಿಕ್ಕಿಗೂ ಹಾಕ್ತಾರೆ, ಫ್ರೆಂಡ್ಸ್ ಜೊತೆ ಓಕೆ, ಆಫೀಸ್ ಮೇಲಲ್ಲಿ ಮಾತ್ರ ಬೇಡಪ್ಪಾ. ನಾನು ಕೆಲಸ ಮಾಡಿದ ಬ್ರಿಟಿಷರು ನಿಜವಾಗ್ಲೂ ಸಿಟ್ಟು ಬಂದಾಗ್ಲೂ "ದಟ್ಸ್ ಅ ಬಿಟ್ ಹಾರ್ಷ್" ಅಂತ ಮುಗಿಸ್ತಿದ್ರು, ಆ "ಅ ಬಿಟ್"ನಲ್ಲೇ ಎಲ್ಲಾ ಇರೋದು, ಅದನ್ನ ಕಲಿಯೋಕೆ ನಂಗೆ ಬಹಳ ಟೈಮ್ ಹಿಡೀತು. ನಾವು ಕನ್ನಡ ಮೀಡಿಯಂನೋರು ದೊಡ್ಡ ಪದ ಹಾಕಿದ್ರೆ ಇಂಗ್ಲಿಷ್ ಬಂತು ಅಂದ್ಕೋತೀವಿ, ಯಾರೋ ಅಳೀತಿದಾರೆ ಅನ್ನೋ ಭಯ ಅದು, ಅಷ್ಟೇ.

ನಿಮ್ಮ ವಾಕ್ಯಕ್ಕೆ ಬರ್ತೀನಿ. ಮೊದ್ಲು "ವೆರಿ" ತೆಗೀರಿ, ಈ ಪದ ಆಗ್ಲೇ ತುದೀಲಿ ಕೂತಿದೆ, ಅದಕ್ಕೆ ಮೇಲೊಂದು ತುಂಬಾ ಬೇಕಿಲ್ಲ. ಉಚ್ಚಾರಣೆಯಲ್ಲಿ ಒತ್ತು "ಕೋ" ಮೇಲೆ, ಶುರುವಿನ "ಡ್ರ"ನ ಎಳೀಬೇಡಿ. ವಾರ್ಡನ್ ಸ್ಟ್ರಿಕ್ಟ್ ಅಷ್ಟೇ, ಪಾಪ ಅವರು ರೂಲ್ಸ್ ಮಾಡಿದೋರೂ ಇರಲಿಕ್ಕಿಲ್ಲ. ಐದು ನಿಮಿಷಕ್ಕೆ ಐನೂರು ರೂಪಾಯಿ ಅನ್ನೋ ಫೈನ್ ಇದ್ಯಲ್ಲ, ಅದು ಡ್ರಕೋನಿಯನ್, ಪ್ರಿನ್ಸಿಪಾಲ್‌ಗೆ ಲೆಟರ್ ಬರೆಯೋದಾದ್ರೆ ಧಾರಾಳವಾಗಿ ಹಾಕಿ. ವಾರ್ಡನ್ ಕೈಲಿ ಸೈನ್ ಮಾಡ್ಸಿ ಕಳಿಸ್ಬೇಕು ಅಂತಿದ್ರೆ ಮಾತ್ರ "ಅ ಬಿಟ್ ಹಾರ್ಷ್" ಸಾಕು.