ಎರಡು ಸೀರಿಯಲ್‌ಗಳ ನಡುವೆ ಅವರು ಏನು ಮಾಡ್ತಾರೆ?

ತಿಪಟೂರು ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಮಗಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಸೀರಿಯಲ್‌ನಲ್ಲಿ ಪಾತ್ರ ಮಾಡಬೇಕು ಅಂತ ಹಟ. ಸೀರಿಯಲ್‌ನವರಿಗೆ ನಟರನ್ನು ಹುಡುಕಿಕೊಡುವ ಬೆಂಗಳೂರಿನ ಕೋ-ಆರ್ಡಿನೇಟರ್ ಒಬ್ಬ ಫೋಟೊ ನೋಡಿ ಓಕೆ ಅಂದಿದ್ದಾನಂತೆ. ಪೋರ್ಟ್‌ಫೋಲಿಯೊ, ಆಡಿಷನ್ ಖರ್ಚಿಗೆ ಅಂತ 40 ಸಾವಿರ ಕೇಳಿದ್ದಾನಂತೆ. ಹೆಸರೂ ಬದಲಿಸಬೇಕು ಅಂದಿದ್ದಾನಂತೆ. ‘ನೀವು ಮುಖಪುಟದಲ್ಲಿ ಸೀರಿಯಲ್ ನಟಿಯರ ಹೊಸ ಕಾರು, ಹೊಸ ಮನೆ ತೋರಿಸ್ತೀರಿ. ಅದರ ಹಿಂದಿನ ಲೆಕ್ಕವನ್ನೂ ಹೇಳಿ. ಇದು ಉದ್ಯೋಗವಾ, ಶೋಕಿಯಾ? ವಿಲನ್ ಪಾತ್ರ ಮಾಡಿದರೆ ನಾಳೆ ಮದುವೆಗೆ ತೊಂದರೆ ಆಗಲ್ವಾ?’ ಇದು ಅವರ ಪ್ರಶ್ನೆ. ಇಂಥದೇ ಕಾಗದಗಳು ಮಧುಗಿರಿ, ಚಿಂತಾಮಣಿ ಕಡೆಯಿಂದಲೂ ಬರುತ್ತಿರುತ್ತವೆ. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗಿದೆ.

ಸ್ವಾಮಿ,

ಮೊದಲು ಆ 40 ಸಾವಿರ ಕೊಡಬೇಡಿ. ಚಾನೆಲ್ ಆಗಲಿ, ನಿಜವಾದ ನಿರ್ಮಾಣ ಸಂಸ್ಥೆಯಾಗಲಿ ಆಡಿಷನ್‌ಗೆ ದುಡ್ಡು ಕೇಳುವುದಿಲ್ಲ. ಮೊಬೈಲ್‌ನಲ್ಲಿ ತೆಗೆದ ನಾಲ್ಕು ಫೋಟೊ, ಒಂದು ನಿಮಿಷದ ವಿಡಿಯೊ ಸಾಕು. ಹಿಡಿಸಿದರೆ ಅವರೇ ಕರೆದು, ಪಾತ್ರದ ವೇಷ ಹಾಕಿಸಿ ನೋಡುವ ಲುಕ್ ಟೆಸ್ಟ್ ಮಾಡುತ್ತಾರೆ. ಮುಖ್ಯ ಪಾತ್ರವಾದರೆ ಮಾಕ್ ಶೂಟ್, ಅಂದರೆ ಒಂದೆರಡು ದೃಶ್ಯದ ಪರೀಕ್ಷಾ ಚಿತ್ರೀಕರಣ, ಮಾಡಿ ಚಾನೆಲ್‌ಗೆ ಕಳಿಸುತ್ತಾರೆ. ಕೊನೆಯ ಮಾತು ಚಾನೆಲ್‌ನದು. ನಡುವಿನ ಕೋ-ಆರ್ಡಿನೇಟರ್‌ಗೆ ಪಾತ್ರ ಕೊಡುವ ಅಧಿಕಾರವೇ ಇರುವುದಿಲ್ಲ. ನಿಜವಾದ ಕೋ-ಆರ್ಡಿನೇಟರ್ ಆದರೆ ಕೆಲಸ ಸಿಕ್ಕ ಮೇಲೆ ಸಂಭಾವನೆಯಲ್ಲಿ ಕಮಿಷನ್ ತೆಗೆದುಕೊಳ್ಳುತ್ತಾನೆ.

ಪಾತ್ರಕ್ಕೆ ದುಡ್ಡು ಕೇಳಿದರೆ ನಮ್ಮ ಕಡೆಯವರಿಗೆ ಅನುಮಾನವೇ ಬರುವುದಿಲ್ಲ. ಅದಕ್ಕೆ ನಮ್ಮೂರ ನಾಟಕವೇ ಕಾರಣ ಅಂತ ನನ್ನ ಅಂದಾಜು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ಆಡಿಸಿದರೆ ಪಾತ್ರಧಾರಿಯೇ ದುಡ್ಡು ಕಟ್ಟುತ್ತಾನೆ. ದುರ್ಯೋಧನನಿಗೆ ಒಂದು ರೇಟು, ಕೃಷ್ಣನಿಗೆ ಒಂದು, ಶಕುನಿಗೆ ಇನ್ನೊಂದು. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಡ್ರೆಸ್ಸು, ಮೈಕ್ ಸೆಟ್ಟು, ಎಲ್ಲ ಅದರಲ್ಲೇ ಆಗಬೇಕು. ತಿಂಗಳುಗಟ್ಟಲೆ ತಾಲೀಮು ಮಾಡಿ, ಒಂದು ರಾತ್ರಿ ಕಿರೀಟ ಇಟ್ಟುಕೊಂಡು ಹಾಡಿ ಬಂದರೆ ಆಯಿತು. ಅದು ಶೋಕಿ. ಗೌರವದ ಶೋಕಿ, ನಾನು ಹೀಗಳೆಯುತ್ತಿಲ್ಲ. ಆದರೆ ಅದೇ ರಂಗದ ಮೇಲೆ ದ್ರೌಪದಿ, ಕುಂತಿ ಮಾಡಲು ಹೊರಗಿನಿಂದ ವೃತ್ತಿ ಕಲಾವಿದೆಯರು ಬರುತ್ತಾರೆ ನೋಡಿ. ಅವರು ದುಡ್ಡು ಕೊಡುವುದಿಲ್ಲ, ತೆಗೆದುಕೊಂಡು ಹೋಗುತ್ತಾರೆ. ನಿಮ್ಮ ಮಗಳು ಸೇರಬೇಕಾದದ್ದು ಅವರ ಸಾಲಿಗೆ.

ಇನ್ನು ಉದ್ಯೋಗದ ಮಾತು. ಇದು ಉದ್ಯೋಗವೇ. ಆದರೆ ದಿನಗೂಲಿ ಉದ್ಯೋಗ. ಸೀರಿಯಲ್ ನಟರಿಗೆ ತಿಂಗಳ ಸಂಬಳ ಇಲ್ಲ. ದಿನಕ್ಕೆ ಇಷ್ಟು ಅಂತ ಪೇಮೆಂಟ್. ತಿಂಗಳಿಗೆ ಎಷ್ಟು ದಿನ ಕರೆಯುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕಥೆ ನಾಯಕಿಯ ಸುತ್ತ ಸುತ್ತುತ್ತಿದ್ದರೆ ತಿಂಗಳಲ್ಲಿ ಹದಿನೈದು, ಇಪ್ಪತ್ತು ದಿನ ಸಿಗಬಹುದು. ಟ್ರ್ಯಾಕ್ ನಾದಿನಿಯ ಮದುವೆ ಕಡೆ ತಿರುಗಿದರೆ ಅದೇ ನಾಯಕಿ ಆರು ದಿನಕ್ಕೆ ಇಳಿಯುತ್ತಾಳೆ. ರೇಟು ಅದೇ, ಆದಾಯ ಮೂರನೇ ಒಂದು ಭಾಗ. ಸ್ನೇಹಿತೆ, ಪಕ್ಕದ ಮನೆಯಾಕೆ, ಆಫೀಸಿನ ಸಹೋದ್ಯೋಗಿ, ಈ ಪಾತ್ರಗಳಿಗೆ ತಿಂಗಳಲ್ಲಿ ಮೂರ್ನಾಲ್ಕು ದಿನ ಸಿಕ್ಕರೆ ಹೆಚ್ಚು.

ಆ ದುಡ್ಡೂ ಕೈಗೆ ಬೇಗ ಬರುವುದಿಲ್ಲ. ಈ ತಿಂಗಳು ದುಡಿದದ್ದು ಎರಡು ಮೂರು ತಿಂಗಳು ಕಳೆದು ಬ್ಯಾಂಕಿಗೆ ಬೀಳುವುದು ಸಾಮಾನ್ಯ. ಕಾಯಿ ಅಟ್ಟಕ್ಕೆ ಹಾಕಿ ಕೊಬ್ಬರಿ ಆಗುವವರೆಗೆ ಕಾಯುವುದು ನಿಮಗೆ ಹೊಸದಲ್ಲ, ಮಗಳಿಗೆ ಅದನ್ನು ನೀವೇ ಹೇಳಿಕೊಡಬಹುದು. ಬರುವಾಗಲೂ 10 ಪರ್ಸೆಂಟ್ ಟಿಡಿಎಸ್, ಅಂದರೆ ಮುಂಗಡ ಆದಾಯ ತೆರಿಗೆ, ಮುರಿದುಕೊಂಡು ಬರುತ್ತದೆ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಜ್ವರ ಬಂದು ಮಲಗಿದರೆ ಆ ದಿನದ ಪೇಮೆಂಟೂ ಮಲಗಿತು. 1884ರಲ್ಲಿ ಶುರುವಾದ ನಮ್ಮ ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳಲ್ಲಿ ನಟರಿಗೆ ಸಂಬಳ ಕಡಿಮೆಯೇ ಇರಬಹುದು, ಕ್ಯಾಂಪಿನಲ್ಲಿ ಊಟಕ್ಕೆ, ಮಲಗಲು ಜಾಗಕ್ಕೆ ಯೋಚನೆ ಇರಲಿಲ್ಲ. ಇಲ್ಲಿ ಪಿಜಿ ಬಾಡಿಗೆ ಕೈಯಿಂದಲೇ ಹೋಗಬೇಕು.

ಪಿಜಿ ಯಾಕೆ ಅಂತೀರಾ? ತಿಪಟೂರಿನಿಂದ ಬೆಂಗಳೂರು ಹತ್ತಿರ ಹತ್ತಿರ 140 ಕಿ.ಮೀ. ತುಮಕೂರಿನವರು ದಿನಾ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ಬಂದು ನೌಕರಿ ಮಾಡುತ್ತಾರೆ, ನಿಜ. ಆದರೆ ಸೀರಿಯಲ್ ಕೆಲಸಕ್ಕೆ ಆ ಲೆಕ್ಕ ನಡೆಯಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಶಾಟ್ ಅಂದರೆ ಏಳೂವರೆಗೆ ಮೇಕಪ್ ಕುರ್ಚಿಯಲ್ಲಿ ಇರಬೇಕು. ಪ್ಯಾಕಪ್ ರಾತ್ರಿ ಒಂಬತ್ತು, ಹತ್ತು. ಬಹಳಷ್ಟು ಶೂಟಿಂಗ್ ನಡೆಯುವುದು ಸ್ಟುಡಿಯೊದಲ್ಲಿ ಅಲ್ಲ, ರಾಜರಾಜೇಶ್ವರಿ ನಗರ, ಕೆಂಗೇರಿ ಕಡೆ ಬಾಡಿಗೆಗೆ ಹಿಡಿದ ದೊಡ್ಡ ಮನೆಗಳಲ್ಲಿ. ಅರ್ಧ ಗಂಟೆಯ ಸಂಚಿಕೆಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ದಿನಕ್ಕೆ ಒಂದು ಸಂಚಿಕೆಯಷ್ಟು ತೆಗೆದರೆ ಮಾತ್ರ ನಿರ್ಮಾಪಕನ ಲೆಕ್ಕ ಕೂಡುತ್ತದೆ. ಡೈಲಾಗ್ ಬರುವುದು ಬೆಳಿಗ್ಗೆ, ಕೆಲವು ಸಲ ಶಾಟ್‌ಗೆ ಮುಂಚೆ, ವಾಟ್ಸ್ಯಾಪ್‌ನಲ್ಲಿ. ಅಸಿಸ್ಟೆಂಟ್ ಡೈರೆಕ್ಟರ್ ಪಕ್ಕದಲ್ಲಿ ನಿಂತು ಪ್ರಾಂಪ್ಟ್ ಮಾಡುತ್ತಾನೆ. ಅವನ ಮಾತು ಕೇಳಿಸಿಕೊಳ್ಳುತ್ತಾ, ಎದುರಿನವರನ್ನು ನೋಡುತ್ತಾ, ಕಣ್ಣಲ್ಲಿ ನೀರು ತರಬೇಕು. ಆಮೇಲೆ ಅದೇ ಮಾತಿಗೆ ಮನೆಯ ಎಂಟು ಜನರ ರಿಯಾಕ್ಷನ್ ಶಾಟ್. ನೋಡುವವರಿಗೆ ಇದು ತಮಾಷೆ. ‘ಒಬ್ಬರು ಕೆಮ್ಮಿದರೂ ಮೂರು ಸಲ ಎಲ್ಲರ ಮುಖ ತೋರಿಸ್ತಾರೆ’ ಅಂತ ನಾವೇ ಆಡಿಕೊಳ್ಳುತ್ತೇವೆ. ಆ ಎಂಟು ಜನರಿಗೆ ಅದೇ ಆ ದಿನದ ಕೆಲಸ.

ಸೀರೆಯ ವಿಷಯ ಹೇಳಲೇಬೇಕು. ಬಹಳಷ್ಟು ಕಡೆ ಬಟ್ಟೆ ನಟಿಯದೇ. ಶ್ರೀಮಂತ ಮನೆಯ ಸೊಸೆಯ ಪಾತ್ರ ಸಿಕ್ಕಿತು ಅಂತ ಊರೆಲ್ಲ ಸಿಹಿ ಹಂಚಿದ ಮೇಲೆ ಗೊತ್ತಾಗುತ್ತದೆ, ಆ ಶ್ರೀಮಂತಿಕೆಯ ಖರ್ಚು ತನ್ನದೇ ಅಂತ. ಬಡ ಹುಡುಗಿಯ ಪಾತ್ರವೇ ಲಾಭ. ಈಗ ಬೊಟಿಕ್‌ನವರು ಇನ್‌ಸ್ಟಾಗ್ರಾಮ್‌ನಲ್ಲಿ ಹೆಸರು ಹಾಕಿದರೆ ಸಾಕು ಅಂತ ಬಟ್ಟೆ ಕೊಡುತ್ತಾರೆ, ಆದರೆ ಅದು ಮುಖ ಪರಿಚಯ ಆದ ಮೇಲಿನ ಮಾತು.

ಇಷ್ಟೆಲ್ಲ ಮಾಡಿದರೂ ಪಾತ್ರದ ಆಯಸ್ಸು ನಟಿಯ ಕೈಯಲ್ಲಿಲ್ಲ. ದೇಶದಲ್ಲಿ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಬಾರ್ಕ್ ಸಂಸ್ಥೆ, ಟಿವಿಯಲ್ಲಿ ಏನು ನೋಡುತ್ತಾರೆ ಅಂತ ಅಳೆಯುವ ಮೀಟರ್ ಇಟ್ಟಿದೆ. ಅದರ ಲೆಕ್ಕ, ಅಂದರೆ ಟಿಆರ್‌ಪಿ, ಪ್ರತಿ ಗುರುವಾರ ಬರುತ್ತದೆ. ಸೆಟ್ಟಿನಲ್ಲಿ ಗುರುವಾರಕ್ಕೆ ಹೆದರದವರು ಕಡಿಮೆ. ಟಿಆರ್‌ಪಿ ಇಳಿಯಿತು ಅಂದರೆ ರಾತ್ರಿ ಎಂಟರ ಸೀರಿಯಲ್ ಸಂಜೆ ಆರಕ್ಕೆ ಹೋಗುತ್ತದೆ. ಆಗಲೇ ಸೆಟ್ಟಿನವರು ಬೇರೆ ಕಡೆ ಫೋನ್ ಮಾಡಲು ಶುರು ಮಾಡುತ್ತಾರೆ. ಒಂದು ಪಾತ್ರ ವಿದೇಶಕ್ಕೆ ಹೋಗುತ್ತದೆ, ಇನ್ನೊಂದು ಕೋಮಾಗೆ. ಇಲ್ಲವೇ ‘ಇನ್ನು ಮುಂದೆ ಈ ಪಾತ್ರದಲ್ಲಿ’ ಅಂತ ಪರದೆ ಮೇಲೆ ಹೊಸ ಮುಖ ಬರುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶೂಟಿಂಗ್ ನಿಂತಾಗ ದಿನಗೂಲಿ ಅಂದರೆ ಏನು ಅಂತ ಎಲ್ಲರಿಗೂ ಒಟ್ಟಿಗೇ ಗೊತ್ತಾಯಿತು. 2021ರ ಎರಡನೇ ಲಾಕ್‌ಡೌನ್‌ನಲ್ಲಿ ಹಲವು ತಂಡಗಳು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋಗಿ ಕೆಲಸ ಮಾಡಿದವು.

ಮುಖಪುಟದಲ್ಲಿ ಕಾಣುವವರು ಸೀರಿಯಲ್ ಓಡುತ್ತಿರುವವರು. ಮುಗಿದವರನ್ನು ಹಾಕಿದರೆ ನೀವೇ ಪತ್ರಿಕೆ ಕೊಳ್ಳಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಈ ಉದ್ಯೋಗ ಗೊತ್ತಾಗಬೇಕಾದರೆ ಮುಗಿದವರನ್ನೇ ಕೇಳಬೇಕು. ಒಂದು ಸೀರಿಯಲ್ ಮುಗಿದು ಇನ್ನೊಂದು ಸಿಗುವವರೆಗೆ ಏನು ಮಾಡಿದಿರಿ ಅಂತ. ಮೂರು ವರ್ಷ ಮನೆಮನೆಗೂ ಗೊತ್ತಿದ್ದ ಮುಖಕ್ಕೆ ಆಮೇಲೆ ಅದೇ ತೊಡಕು. ‘ಫೇಸ್ ಫ್ರೆಶ್ ಇಲ್ಲ’ ಅನ್ನುತ್ತಾರೆ. ಅಗ್ರಿಮೆಂಟ್‌ನಲ್ಲಿ ಬೇರೆ ಚಾನೆಲ್‌ಗೆ ಹೋಗಬಾರದು ಅಂತ ಇದ್ದರೆ ಅದು ಮುಗಿಯುವವರೆಗೂ ಸುಮ್ನೆ ಕೂರಬೇಕು. ಬಸ್ಸಿನಲ್ಲಿ ಹೋದರೆ ಸೆಲ್ಫಿ, ಆಟೊದಲ್ಲಿ ಹೋದರೆ ‘ಮೇಡಂ ನೀವು ಆಟೊದಲ್ಲಾ?’ ಅನ್ನುವ ಪ್ರಶ್ನೆ. ಹೆಸರು ನಿಧಾನಕ್ಕೆ ಇಳಿಯುತ್ತದೆ, ಅಕೌಂಟ್ ಬೇಗ ಇಳಿಯುತ್ತದೆ. ಕಾರಿನ ಇಎಂಐ ಎರಡಕ್ಕೂ ಕಾಯಲ್ಲ.

ಈ ಖಾಲಿ ಕಾಲವನ್ನು ದಾಟಿದವರು ಇನ್ನೊಂದು ಕೆಲಸ ಕೈಯಲ್ಲಿ ಇಟ್ಟುಕೊಂಡವರು. ಡಬ್ಬಿಂಗ್ ಮಾಡಿದವರಿದ್ದಾರೆ, ಡಾನ್ಸ್ ಕ್ಲಾಸ್ ನಡೆಸಿದವರಿದ್ದಾರೆ, ಗಣೇಶನ ಹಬ್ಬ, ರಾಜ್ಯೋತ್ಸವಕ್ಕೆ ನಿರೂಪಣೆ ಮಾಡಿ ಮನೆ ನಡೆಸಿದವರಿದ್ದಾರೆ. ಇನ್ನೊಂದು ದಾರಿ ತೆಲುಗು. ಕನ್ನಡದ ಎಷ್ಟೋ ನಟ ನಟಿಯರು ಹೈದರಾಬಾದಿಗೆ ಹೋಗಿ ತೆಲುಗು ಸೀರಿಯಲ್‌ಗಳಲ್ಲಿ ನಾಯಕ, ನಾಯಕಿಯಾಗಿದ್ದಾರೆ. ಈ ವಿಷಯದಲ್ಲಿ ಪಾವಗಡ, ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲಿನ ಮಕ್ಕಳಿಗೆ ಮನೆಮಾತೇ ಬಂಡವಾಳ. ಉಳಿದವರು ಅಲ್ಲಿಗೆ ಹೋಗಿ ಕಲಿಯುವ ಭಾಷೆಯನ್ನು ಇವರು ಅಜ್ಜಿಯ ಜೊತೆ ಆಡಿಕೊಂಡೇ ಬೆಳೆದಿರುತ್ತಾರೆ. ತಿಪಟೂರಿನವರಿಗೆ ಆ ಅನುಕೂಲ ಇಲ್ಲ, ಕಲಿಯಬೇಕು.

ಸೀರಿಯಲ್‌ನಿಂದ ಸಿನಿಮಾಕ್ಕೆ ಹೋಗಿ ಗೆದ್ದವರ ಹೆಸರು ನಿಮ್ಮ ಮಗಳು ಹೇಳಿಯೇ ಇರುತ್ತಾಳೆ. ಯಶ್, ರಾಧಿಕಾ ಪಂಡಿತ್, ರಚಿತಾ ರಾಮ್. ನಿಜ, ಮೂವರೂ ಕಿರುತೆರೆಯಿಂದ ಬಂದವರು. ನಾನು ಬೇರೆ ಹೆಸರು ಹೇಳುತ್ತೇನೆ, ನಿಮ್ಮ ತಾಲ್ಲೂಕಿನದೇ. ಉಮಾಶ್ರೀ. ಹುಟ್ಟಿದ್ದು 1957ರಲ್ಲಿ, ನೊಣವಿನಕೆರೆಯಲ್ಲಿ. ರಂಗಭೂಮಿಯಲ್ಲಿ ‘ಒಡಲಾಳ’ ನಾಟಕದ ಸಾಕವ್ವನಾಗಿ ಅವರನ್ನು ಕಂಡವರು ಇವತ್ತಿಗೂ ಆ ಮಾತು ಎತ್ತುತ್ತಾರೆ. ಆದರೆ ಸಿನಿಮಾ ಅವರಿಗೆ ವರ್ಷಗಟ್ಟಲೆ ಕೊಟ್ಟದ್ದು ಡಬಲ್ ಮೀನಿಂಗ್ ಹಾಸ್ಯ. ಮಕ್ಕಳನ್ನು ಸಾಕಬೇಕಿತ್ತು, ಮಾಡಿದರು. ಆಮೇಲೆ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಬಂತು. 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯಾದರು, ಕನ್ನಡ ಮತ್ತು ಸಂಸ್ಕೃತಿ ಖಾತೆಯನ್ನೇ ನೋಡಿಕೊಂಡರು. ಇಷ್ಟಾದ ಮೇಲೆ, 2021ರ ಡಿಸೆಂಬರ್‌ನಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಜೀ ಕನ್ನಡದಲ್ಲಿ ಮೆಸ್ ನಡೆಸುವ ಪುಟ್ಟಕ್ಕನಾಗಿ ಬಂದರು. ದಿನಾ ಬರುವ ಸೀರಿಯಲ್‌ನಲ್ಲಿ, ಶೀರ್ಷಿಕೆ ಪಾತ್ರದಲ್ಲಿ. ಯಾವ ‘ಫ್ರೆಶ್ ಫೇಸ್’ ಲೆಕ್ಕಕ್ಕೂ ಸಿಗದ ಕಥೆ ಇದು.

ಎಲ್ಲರೂ ಉಮಾಶ್ರೀ ಆಗುವುದಿಲ್ಲ, ಗೊತ್ತು. ಆದರೆ ಕಿರುತೆರೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ನಿಂತವರನ್ನು ನೋಡಿ. ಅಮ್ಮ, ಅತ್ತೆ, ಅಜ್ಜಿ, ಲಾಯರ್, ಮಾವ, ಇವೇ ಪಾತ್ರಗಳು. ಅವರಲ್ಲಿ ಎಷ್ಟೋ ಜನ ನಾಟಕದಿಂದ ಬಂದವರು. ಗೌರಿಬಿದನೂರಿನ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ರಂಗಭೂಮಿಯವರು ಎಷ್ಟು ಜನ ಇದ್ದರು ಅಂತ ನೆನಪಿಸಿಕೊಳ್ಳಿ. ನಾಯಕಿಗೆ ಒಂದು ಹೊತ್ತಿಗೆ ಒಂದೇ ಸೀರಿಯಲ್. ಅಮ್ಮನ ಪಾತ್ರದವರು ಒಂದೇ ಹೊತ್ತಿಗೆ ಎರಡು ಮೂರು ಮನೆ ಸಂಭಾಳಿಸುತ್ತಾರೆ. ಒಂದು ನಿಂತರೆ ಇನ್ನೊಂದು ಇರುತ್ತದೆ. ಕಾರು ಇಲ್ಲದಿರಬಹುದು, ಕೆಲಸ ಇರುತ್ತದೆ. ಒಂದೇ ಒಂದು ಬೇಜಾರು ಅಂದರೆ, ಹೆಣ್ಣುಮಕ್ಕಳಿಗೆ ಮೂವತ್ತೈದು ದಾಟುವ ಮುಂಚೆಯೇ ಇಪ್ಪತ್ತೆಂಟರ ಹುಡುಗನಿಗೆ ಅಮ್ಮ ಮಾಡಿಬಿಡುತ್ತಾರೆ. ಅವನ ಅಪ್ಪನ ವಯಸ್ಸಿನ ನಾಯಕ ಮಾತ್ರ ಇನ್ನೂ ಕಾಲೇಜಿನಲ್ಲೇ ಇರುತ್ತಾನೆ!

ವಿಲನ್ ಪಾತ್ರ, ಮದುವೆಯ ಪ್ರಶ್ನೆಗೆ ಚುಟುಕಾಗಿ ಹೇಳುತ್ತೇನೆ. ದೇವಸ್ಥಾನದಲ್ಲಿ ಅಜ್ಜಿಯರು ತಡೆದು ‘ಆ ಹುಡುಗಿಗೆ ಯಾಕಮ್ಮ ಅಷ್ಟು ಕಾಟ ಕೊಡ್ತೀಯ’ ಅಂತ ಬಯ್ಯುತ್ತಾರೆ. ಅದಕ್ಕಿಂತ ಜಾಸ್ತಿ ನೋವು ಕೊಡುವುದು ಫೋನಿನಲ್ಲಿ ಬರುವ ಕಾಮೆಂಟ್‌ಗಳು. ಅದನ್ನು ತಡೆದುಕೊಳ್ಳುವ ಗಟ್ಟಿತನ ಇದೆಯಾ ಅಂತ ಮಗಳನ್ನೇ ಕೇಳಿ. ಟಿವಿಯಲ್ಲಿ ಮಾಡಿದ ಪಾತ್ರ ನೋಡಿ ಸಂಬಂಧ ಬೇಡ ಅನ್ನುವ ಮನೆ ತಪ್ಪಿಹೋದರೆ ನಷ್ಟ ಏನೂ ಇಲ್ಲ ಅಲ್ವಾ?

ಸುರಕ್ಷತೆಯ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಸಾಲುಗಳ ನಡುವೆ ಕಾಣುತ್ತದೆ. ಆಡಿಷನ್‌ಗೆ ಒಬ್ಬಳನ್ನೇ ಕಳಿಸಬೇಡಿ. ಹೋಟೆಲ್ ರೂಮಿಗೆ ಬಾ ಅಂದರೆ ಅದು ಆಡಿಷನ್ನೇ ಅಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಸೀರಿಯಲ್ ಸೆಟ್ಟಿನಲ್ಲಿ ಹತ್ತು ಜನ ಲೈಟ್ ಹಿಡಿಯುವವರೇ ಇರುತ್ತಾರೆ. ಸಮಿತಿ ಯಾರದು ಅಂತ ಅಗ್ರಿಮೆಂಟ್ ದಿನವೇ ಕೇಳಿ, ಕೇಳಿದರೆ ಯಾರೂ ತಪ್ಪು ತಿಳಿಯಲ್ಲ.

ನನ್ನನ್ನು ಕೇಳಿದರೆ, ಡಿಗ್ರಿ ಮುಗಿಯಲಿ. ಆಮೇಲೆ ಒಂದು ವರ್ಷ ನಾಟಕ ಮಾಡಲಿ. ಹೆಗ್ಗೋಡಿನ ನೀನಾಸಂನಲ್ಲಿ 1980ರಿಂದ ರಂಗಶಿಕ್ಷಣ ನಡೆಯುತ್ತಿದೆ. ಅಷ್ಟು ದೂರ ಬೇಡ ಅಂದರೆ ತುಮಕೂರಿನಲ್ಲೇ ಹವ್ಯಾಸಿ ತಂಡಗಳಿವೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಅನ್ನುವ ಸಾಂಸ್ಕೃತಿಕ ಕೇಂದ್ರ ಇದೆ, ಹುಣ್ಣಿಮೆಗೊಮ್ಮೆ ಅಲ್ಲಿನ ಕಾರ್ಯಕ್ರಮಕ್ಕೆ ಹೋಗಿ ನೋಡಿ ಬಂದರೂ ಆಯಿತು. ಮೈಕ್ ಇಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸುವುದು ಕಲಿತವಳಿಗೆ ವಾಟ್ಸ್ಯಾಪ್ ಡೈಲಾಗ್ ಕಷ್ಟ ಆಗುವುದಿಲ್ಲ. ಬಿ.ಕಾಂ. ವ್ಯರ್ಥ ಆಯಿತು ಅಂತಲೂ ಕೊರಗಬೇಡಿ. ಟಿಡಿಎಸ್ ವಾಪಸ್ ಪಡೆಯುವುದು, ವರ್ಷಾ ವರ್ಷಾ ರಿಟರ್ನ್ಸ್ ಹಾಕುವುದು ಗೊತ್ತಿಲ್ಲದೆ ಕಳೆದುಕೊಳ್ಳುವ ನಟರು ಬೇಕಾದಷ್ಟಿದ್ದಾರೆ. ಸಂಬಳದ ಚೀಟಿ ಇಲ್ಲದವರಿಗೆ ಬ್ಯಾಂಕ್ ಸಾಲ ಸಿಗುವುದೂ ಆ ರಿಟರ್ನ್ಸ್ ನೋಡಿಯೇ.

ಹೆಸರು ಬದಲಿಸುವ ವಿಷಯ. ಉಮಾಶ್ರೀಯವರ ಮೊದಲಿನ ಹೆಸರು ಉಮಾದೇವಿ. ಹಾಗಾಗಿ ತೆರೆಯ ಮೇಲೆ ಯಾವ ಹೆಸರಾದರೂ ಇಟ್ಟುಕೊಳ್ಳಲಿ, ಅದು ಅವಳಿಷ್ಟ. ಆದರೆ ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ, ಅಗ್ರಿಮೆಂಟ್, ಮೂರರಲ್ಲೂ ಶಾಲೆಯ ದಾಖಲೆಯ ಹೆಸರೇ ಇರಲಿ. ಇಲ್ಲದಿದ್ದರೆ ದುಡಿದ ಪೇಮೆಂಟ್ ಬೇರೆ ಯಾರದೋ ಹೆಸರಿಗೆ ಬಂದಿದೆ ಅಂತ ಬ್ಯಾಂಕ್ ವಾಪಸ್ ಕಳಿಸಬಹುದು. ಆಗ ಇನ್ನೆರಡು ತಿಂಗಳು ಕಾಯಬೇಕಾಗುತ್ತದೆ.

– ಸಂಪಾದಕ